ರಂಗನಾಯಕಮ್ಮನವರ ಹೆಸರಿನಲ್ಲಿ ಐದು ಕೋಳಿ

ಸೋಮಾರಿತನಕ್ಕೆ ಅದರ ನಿಜವಾದ ಹೆಸರಿಟ್ಟು ಕರೆದರೆ ಯಾರೂ ಮರ್ಯಾದೆ ಕೊಡುವುದಿಲ್ಲ. ಅದನ್ನೇ ಸರಳತೆ ಎಂದೋ ಆಡಂಬರದ ತ್ಯಾಗ ಎಂದೋ ಕರೆದು ನೋಡಿ, ಪಕ್ಕದವರು ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಈ ಗುಟ್ಟು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ, ಮೊಣಕಾಲು ನೋವು ಶುರುವಾದ ಮೇಲೆ. ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಸ್ಟೆಲ್ಲಾ ಮಿಸ್. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನಿಂದ ಹಿಡಿದು ಮನೆ ಓನರ್ ತನಕ ಎಲ್ಲರಿಗೂ ನಾನು ಮಿಸ್ಸೇ. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಈ ಮಿಸ್ಸು ಸ್ಕೂಲು ಮುಗಿಸಿ ಬಂದು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಲ್‌ಕಲ್ ಒತ್ತಬೇಕು. ಗೋಲಿಯಷ್ಟು ಮೈದಾ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕ ಹಿಡಿಸುವ ತಿಂಡಿ ಅದು. ಒಂದನ್ನು ಮಾಡಲು ಅರ್ಧ ನಿಮಿಷ ಬೇಕು, ತಿನ್ನುವವರಿಗೆ ಒಂದು ಸಲಕ್ಕೆ ಒಂದು ಮುಷ್ಟಿ ಬೇಕು. ಗಣಿತದ ಟೀಚರಾಗಿ ಈ ಲೆಕ್ಕ ನನಗೆ ಯಾವತ್ತೂ ಸರಿಹೋಗಿಲ್ಲ.

ಅದರಲ್ಲೂ ಮೊದಲ ಬಾಣಲೆ ಕೆಳಗಿನ ಮನೆಯ ರಂಗನಾಯಕಮ್ಮನವರಿಗೆ. ಅವರು ನಮ್ಮ ಮನೆ ಓನರ್, ಅಯ್ಯಂಗಾರರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಊರಿನವರ ಆಸ್ತಿಪತ್ರ ಓದಿ ಓದಿ, ಯಾರ ಹೆಸರಿಗೆ ಏನಿದೆ ಎಂಬುದೊಂದನ್ನು ಬಿಟ್ಟು ಜಗತ್ತಿನಲ್ಲಿ ಬೇರೇನನ್ನೂ ನಂಬದೆ ನಿವೃತ್ತರಾದವರು. ಇಪ್ಪತ್ತು ವರ್ಷದ ಹಿಂದೆ ನಾನೂ ನಮ್ಮ ಯಜಮಾನರು ಲಾರೆನ್ಸೂ ಬಾಡಿಗೆ ಮನೆಗಾಗಿ ಯಾದವಗಿರಿ, ಜಯಲಕ್ಷ್ಮಿಪುರಂ ಎಲ್ಲ ಸುತ್ತಿ ಚಪ್ಪಲಿ ಸವೆಸಿದ್ದೆವು. ಎಲ್ಲ ಕಡೆಯೂ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಎಂದು ಕೇಳುತ್ತಿದ್ದರು, ಆಮೇಲೆ ‘ಅಯ್ಯೋ, ಮನೆ ನಿನ್ನೆ ತಾನೇ ಹೋಯ್ತಲ್ಲ’ ಎನ್ನುತ್ತಿದ್ದರು. ರಂಗನಾಯಕಮ್ಮ ಒಬ್ಬರೇ, ‘ನಿಮ್ಮ ಅಡುಗೆಮನೇಲಿ ನೀವೇನು ಬೇಯಿಸ್ಕೋತೀರೋ ನನಗ್ಯಾಕೆ? ಟೆರೇಸಲ್ಲಿ ಯಾರ ಬಟ್ಟೆ ಎಲ್ಲಿ ಒಣಗಬೇಕು ಅನ್ನೋದು ಮಾತ್ರ ಈಗಲೇ ಇತ್ಯರ್ಥ ಆಗ್ಬಿಡ್ಲಿ’ ಎಂದು ಬೀಗದ ಕೈ ಕೊಟ್ಟುಬಿಟ್ಟರು. ಆ ಉಪಕಾರ ನಾನು ಮರೆತವಳಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಸ್ನಾನ ಮಾಡಿ, ಅವರಿಗೆಂದೇ ಎತ್ತಿಟ್ಟ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ, ಮೊಟ್ಟೆಯ ಗಾಳಿಯೂ ಸೋಕದ ಹಿಟ್ಟಿನಿಂದ ಕಲ್‌ಕಲ್ ಮಾಡಿ ಕೆಳಗೆ ಕಳಿಸುತ್ತಿದ್ದೆ. ಆ ತಟ್ಟೆ ಖಾಲಿ ವಾಪಸು ಬಂದದ್ದಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ, ಕಬ್ಬು, ಸಕ್ಕರೆ ಅಚ್ಚು ತುಂಬಿಕೊಂಡು ಮೇಲೆ ಬರುತ್ತಿತ್ತು.

ಹೋದ ವರ್ಷ ನವೆಂಬರ್ ಕೊನೆಯ ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದರೆ ಅಂಗಳದಲ್ಲಿ ಒಂದು ಮೇಜು, ಮೇಜಿನ ಹಿಂದೆ ಒಬ್ಬರು ಸಿಸ್ಟರ್, ಮೇಜಿನ ಮೇಲೆ ಒಂದು ರಾಶಿ ಕರಪತ್ರ. ‘ಈ ಕ್ರಿಸ್‌ಮಸ್‌ಗೆ ಅರ್ಥಪೂರ್ಣ ಉಡುಗೊರೆ’ ಎಂದು ಶೀರ್ಷಿಕೆ. ಉಪಾಯ ಹೀಗೆ: ನಿಮ್ಮ ನೆಂಟರಿಷ್ಟರಿಗೆ ಕೇಕು, ಸೀರೆ ಕೊಡುವ ಬದಲು ಅವರ ಹೆಸರಿನಲ್ಲಿ ಒಂದು ಬಡ ಕುಟುಂಬಕ್ಕೆ ಉಪಯೋಗದ ವಸ್ತು ಕೊಡಿಸುವುದು. ವಸ್ತು ಬಡವರಿಗೆ, ಬಣ್ಣದ ಕಾರ್ಡು ನೆಂಟರಿಗೆ, ಪುಣ್ಯ ಎಲ್ಲರಿಗೂ. ಅವತ್ತಿನ ಪ್ರವಚನದಲ್ಲಿ ಫಾದರ್ ಕೂಡ, ಗೋದಲಿಯಲ್ಲಿ ಹುಟ್ಟಿದ ಬಾಲಯೇಸುವಿನ ಮುಂದೆ ಯಾರೂ ತಿಂಡಿ ತಟ್ಟೆ ಹಿಡಿದು ನಿಂತಿರಲಿಲ್ಲ ಎಂದು ಹೇಳಿದ್ದರು. ನನ್ನ ಮೊಣಕಾಲಿಗೆ ಆ ವಾಕ್ಯ ಬಹಳ ಹಿಡಿಸಿತು. ಮನೆಗೆ ಬಂದವಳೇ, ‘ಈ ಸಲ ನಮ್ಮ ಮನೆಯಲ್ಲಿ ಕಲ್‌ಕಲ್ ಇಲ್ಲ, ಕೇಕ್ ಇಲ್ಲ. ಹಬ್ಬದ ನಿಜವಾದ ಅರ್ಥಕ್ಕೆ ಮರಳೋಣ’ ಎಂದು ಸಾರಿದೆ. ಲಾರೆನ್ಸ್ ಪೇಪರಿನಿಂದ ತಲೆ ಎತ್ತದೆ, ‘ಮಂಡಿ ನೋವು ಜಾಸ್ತಿ ಆಯ್ತಾ?’ ಎಂದರು. ಇಂಥವರ ಜೊತೆ ಆಧ್ಯಾತ್ಮಿಕ ವಿಷಯ ಮಾತಾಡುವುದು ಕಷ್ಟ.

ಫಾರ್ಮು ತುಂಬಿದ್ದು ಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಉತ್ತರಪತ್ರಿಕೆಗಳ ಮಧ್ಯೆ. ಎಡಗಡೆ ಹೆಸರು ಬರೆಯಬೇಕು, ಬಲಗಡೆ ಅಚ್ಚಾದ ಪಟ್ಟಿಯಿಂದ ವಸ್ತು ಆರಿಸಿ ಸಂಖ್ಯೆ ಬರೆಯಬೇಕು. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕ ಬರೆದ ಕೈ ಇದು. ಹೆಸರುಗಳನ್ನು ತಾನಾಗಿಯೇ ಅಕಾರಾದಿಯಲ್ಲಿ ಬರೆಯಿತು, ಎದುರಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಹಾಕುತ್ತ ಹೋಯಿತು. ಒಂದು ಎಂದರೆ ಏನು, ನಾಲ್ಕು ಎಂದರೆ ಏನು ಎಂದು ನಾನು ತಿರುಗಿಸಿ ನೋಡಲಿಲ್ಲ. ಎಲ್ಲವೂ ಒಳ್ಳೆಯ ವಸ್ತುವೇ, ಯಾರ ಹೆಸರಿಗೆ ಯಾವುದಾದರೇನು ಎಂಬ ಉದಾರ ಭಾವನೆ. ಅಡುಗೆಮನೆಯಲ್ಲಿ ಹತ್ತು ದಿನ ಹಿಡಿಯುತ್ತಿದ್ದ ಪ್ರೀತಿ ಅವತ್ತು ಹತ್ತು ನಿಮಿಷದಲ್ಲಿ ಮುಗಿದು, ಕಾಫಿಗೂ ಸಮಯ ಉಳಿಯಿತು.

ಡಿಸೆಂಬರ್ ಮಧ್ಯದ ಹೊತ್ತಿಗೆ ಕಾರ್ಡುಗಳು ಕೊರಿಯರಿನಲ್ಲಿ ನೇರವಾಗಿ ಅವರವರ ಮನೆ ಮುಟ್ಟಿದವು. ಮೊದಲ ಫೋನು ಡೇವಿಡ್ ಭಾವನದು. ಸಂಜೆ ಏಳರ ಮೇಲೆ ಅವರ ಗ್ಲಾಸಿನಲ್ಲಿ ಏನಿರುತ್ತದೆ ಎಂಬುದು ಇಡೀ ಬಂಧುಬಳಗಕ್ಕೆ ಗೊತ್ತು. ಅವರ ಹೆಸರಿನಲ್ಲಿ ಕಾಡಂಚಿನ ಒಂದು ಹಾಡಿಗೆ ಶುದ್ಧ ಕುಡಿಯುವ ನೀರು ಹೋಗಿತ್ತು. ‘ನೇರವಾಗಿ ಹೇಳ್ಬೋದಿತ್ತು ಕಣಮ್ಮ ಸ್ಟೆಲ್ಲಾ, ಕಾರ್ಡ್ ಪ್ರಿಂಟ್ ಮಾಡ್ಸೋ ಅಗತ್ಯ ಇರ್ಲಿಲ್ಲ’ ಎಂದು ಫೋನಿಟ್ಟರು. ನಮ್ಮ ಹೆಡ್‌ಮಿಸ್ಟ್ರೆಸ್ ಹೆಸರಿನಲ್ಲಿ ಒಂದು ಶೌಚಾಲಯ. ಕಾರ್ಡಿನ ಮೇಲೆ ಬಿಳಿ ಕಮೋಡಿನ ದೊಡ್ಡ ಚಿತ್ರ, ಅದರ ಕೆಳಗೆ ಹೂಬಳ್ಳಿ ಬಿಡಿಸಿ ಅವರ ಪೂರ್ತಿ ಹೆಸರು. ಮಾರನೆಯ ದಿನದಿಂದ ಅವರು ಮಧ್ಯಾಹ್ನದ ಎಲ್ಲ ಖಾಲಿ ಪೀರಿಯಡ್ಡುಗಳಿಗೂ ನನ್ನನ್ನೇ ಹಾಕಿದರು.

ಇವೆಲ್ಲ ಸಹಿಸಬಹುದಿತ್ತು. ಧನುರ್ಮಾಸ ಹಿಡಿದ ದಿನ ಬೆಳಿಗ್ಗೆ, ಪೂಜೆ ಮುಗಿಸಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ರಂಗನಾಯಕಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯ ಎರಡು ಬೆರಳ ತುದಿಯಲ್ಲಿ ಕಾರ್ಡು. ಕಾರ್ಡಿನ ಮೇಲೆ ಎದೆ ಉಬ್ಬಿಸಿ ನಿಂತ ಕೆಂಪು ಹುಂಜ. ಒಳಗಿನ ಒಕ್ಕಣೆ ನನಗೆ ಈಗಲೂ ಬಾಯಿಪಾಠ: ‘ಪ್ರಿಯ ರಂಗನಾಯಕಮ್ಮನವರೇ, ನಿಮ್ಮ ಹೆಸರಿನಲ್ಲಿ ಒಂದು ಬಡ ಕುಟುಂಬಕ್ಕೆ ಐದು ನಾಟಿಕೋಳಿಗಳನ್ನು ನೀಡಲಾಗಿದೆ. ಮೊಟ್ಟೆ ಮತ್ತು ಮಾಂಸದ ಮೂಲಕ ಅವರ ಬದುಕಿನಲ್ಲಿ ನೀವು ಬೆಳಕಾಗಿದ್ದೀರಿ.’

‘ಇದೇನು ಕಣ್ರೀ ಮಿಸ್?’ ಎಂದರು.

‘ನಿಮ್ಮ ಹೆಸರಲ್ಲಿ ಒಂದು ಒಳ್ಳೆ ಕೆಲಸ ಆಗಲಿ ಅಂತ...’

‘ಒಳ್ಳೆ ಕೆಲಸವೇ ಇರಬಹುದು. ಆದರೆ ಈ ಕೋಳಿಗಳು ಯಾವಾಗ ನನ್ನ ಹೆಸರಿಗೆ ಬಂದ್ವು? ದಾನಪತ್ರ ಅಂದ್ರೆ ಕೊಡೋರ ಸಹಿ ಬೇಕು, ಇಬ್ಬರು ಸಾಕ್ಷಿ ಬೇಕು. ಶಾಸ್ತ್ರಕ್ಕೆ ಬಂದ್ರೆ ನನ್ನ ಕೈಯಿಂದ ನೀರು ಬಿಟ್ಟು ಧಾರೆ ಎರೀಬೇಕು. ಅತ್ತೆ ಧನ ಅಳಿಯ ದಾನ ಮಾಡಿದ ಅನ್ನೋದು ಕೇಳಿದ್ದೆ, ಇದು ಅದಕ್ಕಿಂತ ಒಂದು ಕೈ ಮೇಲಾಯ್ತು. ಹೋಗ್ಲಿ, ನಾಳೆ ಅವರು ಆ ಕೋಳಿ ಕೊಯ್ದರೆ ಅದು ಯಾರ ಲೆಕ್ಕಕ್ಕೆ?’

ಇಪ್ಪತ್ತು ವರ್ಷ ಒಂದು ಮೊಟ್ಟೆ ಸೋಕದಂತೆ ಬೇರೆ ಬಾಣಲೆ ಇಟ್ಟವಳು, ಒಂದೇ ಏಟಿಗೆ ಐದು ಕೋಳಿಗಳ ಕೊರಳನ್ನು ಅವರ ಕೈಗೆ ಕೊಟ್ಟಿದ್ದೆ. ‘ಹೆಸರು ತೆಗೆಸಿಬಿಡ್ತೀನಿ’ ಎಂದು ಮಾತು ಕೊಟ್ಟು, ಕಾರ್ಡಿನ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, ‘ಮೇಡಂ, ಕೋಳಿ ಆಗಲೇ ಡೆಲಿವರಿ ಆಗ್ಬಿಟ್ಟಿದೆ. ಹೆಸರು ಸಿಸ್ಟಮ್‌ಗೆ ಎಂಟ್ರಿ ಆದ್ಮೇಲೆ ತೆಗೆಯಕ್ಕೆ ಬರಲ್ಲ. ಕೋಳಿ ಇಷ್ಟ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಅದೇ ಹೆಸರಲ್ಲಿ ಹಂದಿಮರಿ ಮಾಡ್ಕೋಬೋದು’ ಎಂದಳು. ಈ ಕೊನೆಯ ಭಾಗವನ್ನು ನಾನು ಕೆಳಗಿನ ಮನೆಗೆ ತಲುಪಿಸಲಿಲ್ಲ.

ಆಮೇಲೆ ನಾಲ್ಕು ದಿನ ರಂಗನಾಯಕಮ್ಮ ನನ್ನ ಜೊತೆ ಮಾತಾಡಲಿಲ್ಲ. ಜಗಳವಿಲ್ಲ, ಮುಖ ಗಂಟಿಕ್ಕಿದ್ದಿಲ್ಲ. ಗೇಟಿನಲ್ಲಿ ಎದುರಾದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಮನೆ ಖಾಲಿ ಮಾಡಿ ಎನ್ನುವ ಹೆಂಗಸಾಗಿದ್ದರೆ ಎದುರುತ್ತರ ಕೊಟ್ಟು ಹಗುರಾಗಬಹುದಿತ್ತು. ಅವರು ಅಂಥವರಲ್ಲ, ಅದೇ ಕಷ್ಟ. ಧನುರ್ಮಾಸದ ಹುಗ್ಗಿ ಪ್ರತಿ ವರ್ಷ ಎರಡನೆಯ ದಿನವೇ ಮೇಲೆ ಬರುತ್ತಿತ್ತು, ಈ ಸಲ ಬರಲಿಲ್ಲ. ಬೆಳಿಗ್ಗೆ ತುಪ್ಪ, ಮೆಣಸಿನ ಘಮ ಮೆಟ್ಟಿಲು ಹತ್ತಿ ಬಂದು ಹಾಗೇ ಇಳಿದು ಹೋಗುತ್ತಿತ್ತು. ನನಗೆ ನಿಜವಾಗಿಯೂ ಅಳು ಬಂತು. ಈ ಊರಿನಲ್ಲಿ ನಮ್ಮ ಹೆಸರು ಕೇಳಿದ ಮೇಲೂ ಬೀಗದ ಕೈ ಕೊಟ್ಟ ಒಬ್ಬರೇ ಒಬ್ಬರನ್ನು ನಾನು ಒಂದು ಕಾರ್ಡು ಕಳಿಸಿ ಕಳೆದುಕೊಳ್ಳುವುದರಲ್ಲಿದ್ದೆ.

ಐದನೆಯ ದಿನ, ಭಾನುವಾರ, ಅವರೇ ಕೆಳಗಿನಿಂದ ಕೂಗಿದರು. ‘ಮಿಸ್, ಆ ಕೋಳಿ ಯಾವ ಊರಲ್ಲಿದೆ ಕೇಳಿ. ಸ್ಥಳ ಮಹಜರು ಮಾಡ್ದೆ ನಾನು ಯಾವ ಕಾಗದವನ್ನೂ ನಂಬೋಳಲ್ಲ.’ ಊರು ನಂಜನಗೂಡು ರಸ್ತೆಯಿಂದ ಒಳಗೆ ಎಂದು ಗೊತ್ತಾಯಿತು. ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಕೂತೆವು. ಅವರ ಮಡಿಲಲ್ಲಿ ಸ್ಟೀಲ್ ನೀರಿನ ಬಾಟಲು, ಬ್ಯಾಗಿನಲ್ಲಿ ಸಾಕ್ಷ್ಯವಾಗಿ ಆ ಕಾರ್ಡು. ದಾರಿಯುದ್ದಕ್ಕೂ ಅವರು ಒಂದೇ ಮಾತಾಡಿದ್ದು: ‘ಐದೂ ಇರಬೇಕು, ದೇವರೇ.’ ನಾನು ಅದೇ ಪ್ರಾರ್ಥನೆಯನ್ನು ನನ್ನ ದೇವರಿಗೆ ಮನಸ್ಸಿನಲ್ಲೇ ಸಲ್ಲಿಸಿದೆ.

ಕೋಳಿ ಪಡೆದವರ ಹೆಸರು ಮಾದೇವಮ್ಮ. ಶೀಟಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಮೂಲೆಯಲ್ಲಿ ಕಲ್ಲು ಜೋಡಿಸಿ ತಗಡು ಹೊದಿಸಿದ ಕೋಳಿಗೂಡು. ನಮ್ಮನ್ನು ನೋಡಿದ್ದೇ ತಡ, ‘ಬನ್ರವ್ವ, ಕೂತ್ಕಳಿ. ಪೋಟಾ ತಗಿಯಾಕ್ ಬಂದ್ರಾ?’ ಎಂದು, ನಾವು ಉತ್ತರ ಕೊಡುವುದರೊಳಗೆ ಒಂದು ಹೇಂಟೆಯನ್ನು ಹಿಡಿದು ಎದೆಗವಚಿಕೊಂಡು, ತಲೆ ಓರೆ ಮಾಡಿ ನಗುತ್ತ ನಿಂತುಬಿಟ್ಟರು. ಅಂಥ ಪಳಗಿದ ನಗೆಯನ್ನು ನಾನು ಮದುವೆ ಆಲ್ಬಮ್ಮುಗಳಲ್ಲೂ ಕಂಡಿಲ್ಲ.

‘ಫೋಟೋಗೆ ಬಂದಿಲ್ಲಮ್ಮ, ಅದನ್ನ ಕೆಳಗೆ ಬಿಡಿ,’ ಎಂದರು ರಂಗನಾಯಕಮ್ಮ. ‘ಈ ಕೋಳಿಗಳನ್ನ ಯಾರ ಹೆಸರಲ್ಲಿ ಕೊಟ್ರು ಅಂತ ನಿಮಗೇನಾದ್ರೂ ಹೇಳಿದಾರಾ?’

‘ಹೆಸ್ರಾ? ಯಾರ್ ಹೆಸ್ರೂ ಹೇಳ್ನಿಲ್ಲ ಕಣ್ರವ್ವ. ಜೀಪಲ್ಲಿ ಬಂದ್ರು, ಬುಟ್ಟಿ ಇಳ್ಸುದ್ರು, ಕೋಳಿ ಎತ್ಕಂಡು ನಗು ಅಂದ್ರು. ನಕ್ಬುಟ್ಟೆ. ಹೊಂಟೋದ್ರು.’

ರಂಗನಾಯಕಮ್ಮ ನನ್ನ ಕಡೆ ತಿರುಗಿದರು. ನಾಲ್ಕು ದಿನದಿಂದ ಬಿಗಿದಿದ್ದ ಮುಖ ಸಡಿಲವಾಯಿತು. ‘ಇಲ್ಲಿನ ದಾಖಲೆಯಲ್ಲಿ ನನ್ನ ಹೆಸರೇ ಇಲ್ಲ ಮಿಸ್. ಅಂದ ಮೇಲೆ ಪಾಪವೂ ನನ್ನದಲ್ಲ.’ ಅಷ್ಟಕ್ಕೆ ಬಿಡದೆ, ಪುಣ್ಯವೂ ತಮ್ಮದಲ್ಲ ಎಂದು ಸ್ಪಷ್ಟಪಡಿಸಿದರು. ಆ ಹೆಸರು ಇದ್ದದ್ದು ಮೈಸೂರಿನಲ್ಲಿ, ಬಣ್ಣದ ಕಾರ್ಡಿನ ಮೇಲೆ ಮಾತ್ರ. ಕೊಟ್ಟವರಿಗೆ ತಾವು ಕೊಟ್ಟದ್ದು ಗೊತ್ತಿರಲಿಲ್ಲ, ತೆಗೆದುಕೊಂಡವರಿಗೆ ಯಾರು ಕೊಟ್ಟರೆಂದು ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದವಳು ನಡುವೆ ನಿಂತಿದ್ದ ನಾನೊಬ್ಬಳೇ, ನನಗೂ ಅದು ಕೋಳಿ ಎಂದು ಗೊತ್ತಿರಲಿಲ್ಲ.

ಆದರೆ ಅಂಗಳದಲ್ಲಿ ಓಡಾಡುತ್ತಿದ್ದದ್ದು ಮೂರೇ ಕೋಳಿ. ಇನ್ನೆರಡು ಎಲ್ಲಿ ಎಂದು ನಾನೇ ಕೇಳಿದೆ, ಸಾರು ಎಂಬ ಉತ್ತರ ಬರದಿರಲಿ ಎಂದುಕೊಳ್ಳುತ್ತ.

‘ಮುಂಗ್ಸಿ ಎತ್ಕಂಡೋಯ್ತು ಕಣ್ರವ್ವ. ಹೋದ್ವರ್ಸದವೂ ಅಂಗೇ ಹೋದೊ, ಅದ್ರಾಚೆ ವರ್ಸದವೂ ಅಂಗೇ. ನಂಗೆ ಕೋಳಿ ಕೊಟ್ಟೋರು ಇವ್ರು ನಾಕನೇವ್ರು. ಆ ಗೂಡಿಗೊಂದು ಬಾಗ್ಲು ಇದ್ದಿದ್ರೆ ಮೊದ್ಲು ಕೊಟ್ಟಿದ್ದ ಕೋಳಿಗಳೇ ಸಾಕಾಗಿದ್ದೊ.’ ಗೂಡಿನ ಬಾಯಿಗೆ ಒಂದು ಗೋಣಿತಾಟು ನೇತುಹಾಕಿತ್ತು, ಅದಕ್ಕೊಂದು ಕಲ್ಲು ಒರಗಿಸಿತ್ತು.

‘ಬಾಗಿಲು ಬೇಕು ಅಂತ ಅವರಿಗೆ ಹೇಳಬೇಕಿತ್ತಲ್ಲ ನೀವು,’ ಎಂದೆ. ಹೋಂವರ್ಕ್ ಮಾಡದ ಹುಡುಗಿಯನ್ನು ಕೇಳುವ ದನಿ ನನಗೇ ಕೇಳಿಸಿತು.

‘ಯಾರಾರ ಕೇಳುದ್ರೆ ತಾನೇ ಹೇಳೋದು?’ ಎಂದರು ಮಾದೇವಮ್ಮ. ಕೋಪದಿಂದಲ್ಲ, ಇಷ್ಟು ಓದಿದವಳಿಗೆ ಇದೂ ತಿಳಿಯದೇ ಎನ್ನುವಂತೆ.

ರಂಗನಾಯಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಳಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಧನುರ್ಮಾಸದ ಮಡಿ ಬೆರಳುಗಳಿಂದ ಅದರ ಬಾಯಿಯನ್ನು ಗೇಣು ಹಾಕಿ ಅಳೆದರು. ಉದ್ದ ಮೂರು ಗೇಣು, ಅಗಲ ಎರಡು. ಬುಧವಾರದೊಳಗೆ ತಂತಿ ಜಾಲರಿ ಹೊಡೆದ ಮರದ ಬಾಗಿಲು ಬರುತ್ತದೆ, ಕೂರಿಸಲು ಬಡಗಿಯೂ ಜೊತೆಗೇ ಬರುತ್ತಾನೆ, ಚಿಲಕ ಒಳಗಡೆಯಿಂದ ಬೇಕೋ ಹೊರಗಡೆಯಿಂದ ಬೇಕೋ ಎಂದು ಕೇಳಿದರು. ‘ಕೋಳಿ ಒಳಗ್ನಿಂದ ಹಾಕತ್ತದ್ರಾ?’ ಎಂದು ಮಾದೇವಮ್ಮ ನಕ್ಕರು; ಇದು ಫೋಟೋದ ನಗೆಯಾಗಿರಲಿಲ್ಲ. ನಾನು ಸುಮ್ಮನಿರಬಹುದಿತ್ತು. ‘ಬಾಗಿಲ ಮೇಲೆ ನಿಮ್ಮ ಹೆಸರು ಬರೆಸೋಣ್ವಾ?’ ಎಂದುಬಿಟ್ಟೆ. ರಂಗನಾಯಕಮ್ಮ ನನ್ನನ್ನು ನೋಡಿದ ನೋಟದಲ್ಲಿ ಆ ಮೂರು ಕೋಳಿಗಳೂ ಪಕ್ಕಕ್ಕೆ ಸರಿದವು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿದ ಮೇಲೆ ಅವರು ನಿಧಾನವಾಗಿ ಮಾತು ತೆಗೆದರು. ‘ಮಾದೇವಮ್ಮನ್ನ ಯಾರೂ ಕೇಳಿರ್ಲಿಲ್ಲ, ಸರಿ. ನನ್ನನ್ನ ಯಾರು ಕೇಳಿದ್ರು?’

ತಪ್ಪಾಯಿತು ಎಂದೆ. ಮನಸಾರೆಯೇ ಎಂದೆ. ಈಗ ಕೇಳುತ್ತಿದ್ದೇನೆ, ಕ್ರಿಸ್‌ಮಸ್‌ಗೆ ನಿಮಗೆ ಏನು ಬೇಕು ಹೇಳಿ ಎಂದೆ. ಕಲ್‌ಕಲ್ ಎನ್ನುತ್ತಾರೆ, ಮೊಣಕಾಲಿಗೆ ಇವತ್ತೇ ಎಣ್ಣೆ ಹಚ್ಚಿಕೊಳ್ಳಬೇಕು ಎಂದು ಲೆಕ್ಕ ಹಾಕುತ್ತಿ​ದ್ದೆ.

‘ಊಟಕ್ಕೆ ಕರೀರಿ,’ ಎಂದರು.

ನಾನು ತಬ್ಬಿಬ್ಬಾದೆ. ‘ನೀವು... ನಮ್ಮ ಮನೇಲಿ... ಬರಲ್ಲ ಅಂದ್ಕೊಂಡು...’

‘ಬರೋದು ಬಿಡೋದು ನನಗೆ ಸೇರಿದ್ದು. ಕರೆಯೋದು ನಿಮಗೆ ಸೇರಿದ್ದು. ಇಪ್ಪತ್ತು ವರ್ಷದಿಂದ ಎರಡನ್ನೂ ನಿಮ್ಮ ಹೆಸರಿಗೇ ಮಾಡ್ಕೊಂಡಿದ್ದೀರಲ್ಲ ಮಿಸ್. ಪ್ರತಿ ವರ್ಷ ತಟ್ಟೆ ಕಳಿಸ್ತೀರಿ. ಬನ್ನಿ, ಕೂತ್ಕೊಳ್ಳಿ ಅಂತ ಒಂದು ದಿನ ಬಾಯಿಬಿಟ್ಟು ಹೇಳಿದ್ದುಂಟಾ? ಮೇಲ್ಗಡೆ ನಗೋದು, ಹಾಡೋದು ಎಲ್ಲ ಕೇಳಿಸ್ತಾ ಇರತ್ತೆ, ನಾನು ಕೆಳಗೆ ಕೂತು ಕಲ್‌ಕಲ್ ಅಗೀತಿರ್ತೀನಿ.’

ಬೇರೆ ಬಾಣಲೆ, ಹೊಸ ಎಣ್ಣೆ ಎಂದು ನಾನು ಎಷ್ಟು ಹೆಮ್ಮೆಪಟ್ಟುಕೊಂಡಿದ್ದೆ. ಮಡಿ ಇರುವುದು ಕೆಳಗಿನ ಮನೆಯಲ್ಲಿ ಎಂದೇ ತಿಳಿದಿದ್ದೆ; ಇಪ್ಪತ್ತು ವರ್ಷ ಅವರನ್ನು ಮೆಟ್ಟಿಲಿನ ಆ ಕಡೆಯೇ ನಿಲ್ಲಿಸಿದ್ದು ಮೇಲಿನ ಮನೆಯವಳು. ಮೈಸೂರಿನಲ್ಲಿ ಬಸ್ಸಿಳಿಯುವಾಗ ಕರೆದೆ. ಕ್ರಿಸ್‌ಮಸ್ ದಿನ ಮಧ್ಯಾಹ್ನ ಊಟಕ್ಕೆ ಬರಬೇಕು ಎಂದು, ಕೈಮುಗಿದು, ಕ್ರಮವಾಗಿ ಕರೆದೆ. ಅವರು ‘ನೋಡೋಣ’ ಎಂದರು.

ಆಮೇಲಿನ ಮೂರು ದಿನದ ನನ್ನ ಭಕ್ತಿಯನ್ನು ಏನೆಂದು ಹೇಳಲಿ. ಹಬ್ಬಕ್ಕೆ ಮುಂಚಿನ ನಾಲ್ಕು ವಾರದ ಇಡೀ ಆಗಮನ ಕಾಲದಲ್ಲಿ ನಾನು ಏಕಾಗ್ರತೆಯಿಂದ ಮಾಡಿದ ಪ್ರಾರ್ಥನೆ ಒಂದೇ: ದೇವರೇ, ಅವರು ಬರದಿರಲಿ. ಕರೆದ ಪುಣ್ಯ ಆಗಲೇ ಬಂದಾಗಿದೆ, ಬಡಿಸುವ ಕಷ್ಟ ಯಾಕೆ? ಆದರೂ ಒಲೆ ಉಜ್ಜಿದೆ, ಹೊಸ ಪಾತ್ರೆ ತಂದೆ, ಯಾವ ಹುಚ್ಚು ಹಿಡಿಯಿತೋ, ಅಯ್ಯಂಗಾರರಿಗೆ ಪುಳಿಯೋಗರೆ ಮಾಡಿ ಬಡಿಸುವುದೆಂದು ತೀರ್ಮಾನಿಸಿದೆ. ಕಲ್‌ಕಲ್ ಒತ್ತುತ್ತಿದ್ದ ಕಾಲ ನನಗೆ ಸ್ವರ್ಗದಂತೆ ನೆನಪಾಗತೊಡಗಿತು. ಲಾರೆನ್ಸ್ ಹುಣಸೆಹಣ್ಣು ಕಿವುಚುತ್ತ, ‘ಹಬ್ಬದ ನಿಜವಾದ ಅರ್ಥಕ್ಕೆ ಇನ್ನೂ ಎಷ್ಟು ದೂರ ಇದೆ?’ ಎಂದು ಕೇಳಿದರು.

ದೇವರು ನನ್ನ ಪ್ರಾರ್ಥನೆ ಕೇಳಲಿಲ್ಲ. ಹನ್ನೆರಡೂವರೆಗೆ ಸರಿಯಾಗಿ ರಂಗನಾಯಕಮ್ಮ ರೇಷ್ಮೆ ಸೀರೆ ಉಟ್ಟು, ತಮ್ಮದೇ ಬೆಳ್ಳಿ ತಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹಬ್ಬದೂಟಕ್ಕೆ ಬಂದಿದ್ದ ಡೇವಿಡ್ ಭಾವ ಬಿರಿಯಾನಿ ತಟ್ಟೆಯ ಸಮೇತ ಎದ್ದು ಬಾಲ್ಕನಿಗೆ ಹೊರಟರು. ‘ಕೂತ್ಕೊಳ್ಳಿ, ಯಾಕೆ ಏಳ್ತೀರಿ? ನಿಮ್ಮ ತಟ್ಟೆ ನಿಮಗೆ, ನನ್ನ ತಟ್ಟೆ ನನಗೆ’ ಎಂದು ಅವರನ್ನು ಕೂರಿಸಿ, ತಾವು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಮೂಲೆಯಲ್ಲಿ ಜೋಡಿಸಿದ್ದ ಗೋದಲಿಯ ಗೊಂಬೆಗಳನ್ನು ನೋಡಿದರು, ಒಂಟೆಯ ಕಾಲು ಮುರಿದಿದೆ ಎಂದರು. ನಾನು ಪುಳಿಯೋಗರೆ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟರು. ಮನೆಮಂದಿಯೆಲ್ಲ ಅಗಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆವು.

‘ಹುಳಿ ಜಾಸ್ತಿ ಆಯ್ತು ಮಿಸ್,’ ಎಂದರು. ಇಪ್ಪತ್ತು ವರ್ಷ ತಟ್ಟೆ ಕಳಿಸಿದ್ದೆ, ಒಂದು ಸಲವೂ ಅವರು ನನ್ನ ಅಡುಗೆಗೆ ಕೊರತೆ ಹೇಳಿರಲಿಲ್ಲ. ಸ್ವಂತದವರ ಮನೆಯಲ್ಲಿ ಮಾತ್ರ ಜನ ಹೀಗೆ ನಾಲಿಗೆ ಸಡಿಲ ಬಿಡುವುದು. ನನಗೆ ಕಣ್ಣು ತುಂಬಿ ಬಂತು. ಅವರು ಹುಳಿ ಎನ್ನುತ್ತಲೇ ತಟ್ಟೆ ಪೂರ್ತಿ ಮುಗಿಸಿದರು.

ಪಾತ್ರೆ ಹಿಡಿದು ಪಕ್ಕಕ್ಕೆ ಹೋದೆ. ಈಗ ನಾನು ಪಾಠ ಕಲಿತವಳು. ‘ರಂಗನಾಯಕಮ್ಮನವರೇ, ಇನ್ನೊಂದು ಸ್ವಲ್ಪ ಬಡಿಸಲೇ?’ ಎಂದು ಕೇಳಿದೆ. ಕೇಳಿದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

‘ಬೇಡ,’ ಎಂದರು.

ಬಡಿಸಿಬಿಟ್ಟೆ.